ವಿಕ್ರಾಂತ್‌ನ ಮೂತಿ ಕತ್ತರಿಸಿದ್ದು

ಆರು ತಿಂಗಳು ರಾತ್ರಿಯೆಲ್ಲ ಕೂತು ಕಟ್ಟಿದ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್‌ನ ಮಾಡೆಲಿನ ಮೂತಿಯನ್ನು ಒಂದು ಭಾನುವಾರ ಹ್ಯಾಕ್‌ಸಾ ಬ್ಲೇಡ್ ಹಿಡಿದು ನಾನೇ ಕತ್ತರಿಸಿ ತೆಗೆದೆ. ವಿಜಯನಗರದ ನಮ್ಮ ಬೀದಿಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಹಿಂದಿನ ದಿನ ಕಾಫಿಗೆ ಬಂದವರು ಲೋಟ ಕೆಳಗಿಡದೆಯೇ ಕೇಳಿದ್ದರು: “ಯಾವ ವರ್ಷದ್ದಪ್ಪಾ ಇದು?”

“ಎಪ್ಪತ್ತೊಂದರ ಯುದ್ಧದ್ದು, ಅಂಕಲ್.”

“ಎಪ್ಪತ್ತೊಂದರಲ್ಲಿ ಈ ಜಾರುಬಂಡೆ ಎಲ್ಲಿತ್ತು?”

ಮುಂದುಗಡೆ ಮೇಲಕ್ಕೆ ಬಾಗಿದ ಡೆಕ್, ಅಂದರೆ ಸ್ಕೀ ಜಂಪ್. ಅದನ್ನು ಕೂರಿಸಿದ್ದು 1980ರ ದಶಕದ ಕೊನೆಯಲ್ಲಿ, ಸೀ ಹ್ಯಾರಿಯರ್ ಯುದ್ಧವಿಮಾನಗಳಿಗೋಸ್ಕರ. 1971ರ ಡಿಸೆಂಬರ್ 4ರಂದು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದ ಸೀ ಹಾಕ್ ವಿಮಾನಗಳನ್ನು ಚಿಮ್ಮಿಸಿದ್ದು ಚಪ್ಪಟೆ ಡೆಕ್ಕಿನ ಉಗಿ ಕ್ಯಾಟಪಲ್ಟ್. ನಾನು ನಂಬಿದ್ದು ಹಡಗು ಮುಂಬೈಯಲ್ಲಿ ಮ್ಯೂಸಿಯಂ ಆಗಿದ್ದಾಗ ನಾನೇ ತೆಗೆದ ಫೋಟೊಗಳನ್ನು!

1961ರಿಂದ 1997ರವರೆಗೆ ದುಡಿದ ಹಡಗು ಅದು. ಒಂದೊಂದು ದೊಡ್ಡ ದುರಸ್ತಿಗೂ ರೇಡಾರ್, ಗನ್, ಕಂಬ ಏನಾದರೊಂದು ಬದಲಾಗುತ್ತದೆ. ಈಗ ಯಾವ ಫೋಟೊ ಪ್ರಿಂಟ್ ಹಾಕಿಸಿದರೂ ಮೊದಲು ಹಿಂಬದಿಗೆ ಪೆನ್ಸಿಲಿನಲ್ಲಿ ವರ್ಷ ಬರೆಯುತ್ತೇನೆ. ವರ್ಷ ಗೊತ್ತಿಲ್ಲದ್ದು ಎಷ್ಟೇ ಚೆಂದವಿರಲಿ, ಬೇರೆ ಕವರಿಗೆ. ಡೆಕ್ ಮೇಲೆ ನಿಂತ ವಿಮಾನವೂ ಸುಳಿವು ಕೊಡುತ್ತದೆ: ಸೀ ಹ್ಯಾರಿಯರ್ ಕಂಡರೆ 1983ಕ್ಕಿಂತ ಹಿಂದಿನದಂತೂ ಅಲ್ಲ.

ಸ್ಕೇಲು 1:350. ಸುಮಾರು 213 ಮೀಟರಿನ ಹಡಗು ಮೇಜಿನ ಮೇಲೆ 61 ಸೆಂಟಿಮೀಟರ್. ಒಡಲಿಗೆ 3 ಮಿಮೀ ಸನ್‌ಬೋರ್ಡ್, ಅಂದರೆ ಹಗುರ ಪ್ಲಾಸ್ಟಿಕ್ ಫೋಮ್ ಹಾಳೆ. ನಕ್ಷೆಯಲ್ಲಿ ಒಂದೊಂದು ಎತ್ತರಕ್ಕೂ ಒಡಲಿನ ಆಕಾರ ಹೇಗಿದೆಯೋ ಹಾಗೆ ಹಾಳೆ ಕತ್ತರಿಸಿ ಒಂದರ ಮೇಲೊಂದು ಅಂಟಿಸುವುದು, ಪದರಗಳ ನಡುವಿನ ಮೆಟ್ಟಿಲುಗಳಿಗೆ ಪುಟ್ಟಿ ಮೆತ್ತಿ ವಾಟರ್ ಪೇಪರಿನಲ್ಲಿ ಉಜ್ಜುವುದು. ಬೇಜಾರಿನ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ವಿಮಾನಗಳದ್ದೇ ಮಜಾ. ಸೀ ಹಾಕ್‌ನ ರೆಕ್ಕೆ ಈ ತುದಿಯಿಂದ ಆ ತುದಿಗೆ 34 ಮಿಮೀ. ಮೊದಲು ಎಲ್ಲವನ್ನೂ ರೆಕ್ಕೆ ಚಾಚಿಯೇ ಮಾಡಿದ್ದೆ. ಡೆಕ್ಕಿನಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಗೋವಾದ ನೌಕಾ ವಿಮಾನ ಮ್ಯೂಸಿಯಂಗೆ ಹೋಗಿ ನಿಜವಾದ ಸೀ ಹಾಕ್ ಸುತ್ತ ಅರ್ಧ ಗಂಟೆ ಸುತ್ತಿದೆ. ಬಂದ ಮೇಲೆ ಕ್ಯಾಟಪಲ್ಟ್ ಮೇಲಿನದೊಂದನ್ನು ಬಿಟ್ಟು ಉಳಿದವುಗಳ ರೆಕ್ಕೆ ಮುರಿದು ಮೇಲಕ್ಕೆ ಮಡಚಿದೆ. ಇಳಿಯುವ ವಿಮಾನದ ಕೊಕ್ಕೆ ಹಿಡಿಯುವ ಅಡ್ಡ ತಂತಿಗಳಿಗೆ ಎಸ್‌.ಪಿ. ರೋಡಿನಲ್ಲಿ ವೈರ್ ಹುಡುಕಿ ಸಾಕಾಯಿತು. ಕೊನೆಗೆ ಒದಗಿದ್ದು ಮಗಳ ಕೆಟ್ಟ ಇಯರ್‌ಫೋನ್. ಸುಲಿದರೆ ಒಳಗೆ ಕೂದಲೆಳೆಯ ತಾಮ್ರ! ಚಿಮಟದಲ್ಲಿ ಹಿಡಿದು ಎಳೆ ನೇರ ಮಾಡುವಾಗ ಫ್ಯಾನ್ ಹಾಕಬಾರದು, ಉಸಿರೂ ಬಿಡಬಾರದು.

ಬಣ್ಣದಲ್ಲಿ ಎರಡು ಸಲ ಪೆಟ್ಟು ತಿಂದೆ. ಡಬ್ಬಿಯ ಗಾಢ ಬೂದು ಇಷ್ಟು ಚಿಕ್ಕ ಡೆಕ್ ಮೇಲೆ ಡಾಂಬರಿನ ಹಾಗೆ ಕಂಡಿತು. ಬಿಳಿ ಬೆರೆಸಿ ತಿಳಿಯಾಗಿಸಿದ ಮೇಲೆ ದೂರದಲ್ಲಿರುವ ಹಡಗಿನ ಹಾಗೆ ಕಾಣತೊಡಗಿತು. ಇನ್ನೊಂದು ನಮ್ಮ ಬೆಂಗಳೂರಿನ ಜುಲೈ. ಜಿಟಿಜಿಟಿ ಮಳೆಯಲ್ಲಿ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದೆ, ಇಡೀ ಹಡಗಿಗೆ ವಿಭೂತಿ ಬಳಿದಂತೆ ಬಿಳಿ ಮಂಜು ಕೂತಿತು. ಈಗ ಬಿಸಿಲು ಬಂದ ಮೇಲೆಯೇ ಸ್ಪ್ರೇ.

ಯುದ್ಧದ ಹೊತ್ತಿಗೆ ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು, ಪೂರ್ತಿ ವೇಗ ಸಿಗುತ್ತಿರಲಿಲ್ಲ. ಅದನ್ನು ಮಾಡೆಲಿನಲ್ಲಿ ತೋರಿಸುವುದು ಹೇಗೆಂದು ಅಂಕಲ್‌ರನ್ನು ಕೇಳಿದೆ. “ಹೊಗೆಕೊಳವೆಯೊಳಗೆ ಇಣುಕಿ ನೋಡೋರು ಯಾರಪ್ಪಾ, ಬಿಡು” ಅಂದರು.

ಚಪ್ಪಟೆ ಮೂತಿ ಕೂರಿಸಲು ಮತ್ತೆ ಐದು ವಾರ ಹಿಡಿಯಿತು. ಹಳೇ ಜಾರುಬಂಡೆ ಈಗ ನನ್ನ ಮೇಜಿನ ಮೇಲೆ ಮೊಬೈಲ್ ಒರಗಿಸುವ ಸ್ಟ್ಯಾಂಡ್.