ಶಾಲೆಯಲ್ಲಿ ಬಾಯಿ ಬಿಡದ ಪುಟ್ಟಿ: ನನ್ನ ಅನುಭವ

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ, ಅಂದರೆ ಆಟ-ಚಟುವಟಿಕೆಗಳಿಂದ ಕಲಿಸುವ ಪದ್ಧತಿಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನನ್ನ ಜೊತೆ ಇರುತ್ತಾರೆ. ಗಲಾಟೆ ಮಾಡುವ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾತೇ ಆಡದ ಮಗುವನ್ನು ಮಾತ್ರ 'ಪಾಪ, ಒಳ್ಳೆ ಮಗು, ಸುಮ್ನೆ ಕೂತಿರುತ್ತೆ' ಅಂತ ಹೊಗಳಿ ಮರೆತುಬಿಡುತ್ತೇವೆ. ಆ ಮಗು ಒಳಗೊಳಗೆ ಎಷ್ಟು ಒದ್ದಾಡುತ್ತಿರುತ್ತದೆ ಅನ್ನುವುದು ಹತ್ತಿರ ಕೂತು ನೋಡಿದರೇನೇ ಗೊತ್ತಾಗುವುದು.

ಪುಟ್ಟಿ ಅಂತ ಕರೆಯೋಣ, ನಿಜವಾದ ಹೆಸರು ಬೇಡ. ಒಂದನೇ ತರಗತಿಗೆ ಸೇರಿ ದಸರಾ ರಜೆ ಮುಗಿದರೂ ಅವಳು ಒಂದು ಮಾತು ಆಡಿರಲಿಲ್ಲ. ಹಾಜರಿ ಕೂಗಿದರೆ ತಲೆ ತಗ್ಗಿಸುತ್ತಿದ್ದಳು. ಬಿಸಿಯೂಟದ ಹೊತ್ತಲ್ಲಿ ಎಷ್ಟೇ ಹಸಿವಿದ್ದರೂ ಎರಡನೇ ಸಲಕ್ಕೆ ತಟ್ಟೆ ಚಾಚುತ್ತಿರಲಿಲ್ಲ. ನೀರಿನ ಬಾಟಲಿ ಬೆಳಿಗ್ಗೆ ತುಂಬಿಕೊಂಡು ಬಂದದ್ದು ಸಂಜೆ ಹಾಗೇ ವಾಪಸ್ ಹೋಗುತ್ತಿತ್ತು. ಅದನ್ನು ನೋಡಿ ನನಗೆ ತುಂಬಾ ಸಂಕಟವಾಯಿತು. ನೀರು ಕುಡಿದರೆ ಒಂದಕ್ಕೆ ಹೋಗಬೇಕು, ಹೋಗಬೇಕಾದರೆ ನನ್ನನ್ನು ಕೇಳಬೇಕು. ಕೇಳುವ ಪ್ರಮೇಯವೇ ಬರದಿರಲಿ ಅಂತ ಆರು ವರ್ಷದ ಮಗು ನೀರು ಕುಡಿಯುವುದನ್ನೇ ಬಿಟ್ಟಿತ್ತು.

ಅವಳ ಅಮ್ಮನನ್ನು ಕರೆಸಿದೆ. "ಮನೇಲಿ ಇವಳ ಬಾಯಿ ಮುಚ್ಚಿಸೋಕೇ ಆಗಲ್ಲ ಮೇಡಂ" ಅಂತ ಅವರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ತಮ್ಮನ ಜೊತೆ ಜಗಳ ಆಡುತ್ತಾ ಪುಟ್ಟಿ ಮನೆ ಕಿತ್ತುಹೋಗುವ ಹಾಗೆ ಕಿರುಚುತ್ತಿದ್ದಳು. ಜೊತೆಗೆ ಬಂದಿದ್ದ ಅಜ್ಜಿ, "ಮನೇಲಿ ಹುಲಿ, ಬೀದೀಲಿ ಇಲಿ, ಟೀಚರಮ್ಮ. ಎರಡೇಟು ಹಾಕಿ, ಸರಿಹೋಗ್ತಾಳೆ" ಅಂದರು. ಆ ಅಜ್ಜಿಗೆ ಮೊಮ್ಮಗಳ ಮೇಲೆ ಜೀವ. ಆದರೆ ಇದು ಹಟ ಅಂತ ಅವರು ನಂಬಿದ್ದರು.

ಇದು ಹಟವಲ್ಲ, ಭಯ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಯಂಥ ಕಡೆ ಒಂದು ತಿಂಗಳಿಗಿಂತ ಜಾಸ್ತಿ ಮಾತಾಡದೇ ಇದ್ದರೆ ಅದನ್ನು ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ. ಶಾಲೆಗೆ ಸೇರಿದ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೋವೈದ್ಯರು ಬಳಸುವ ಡಿಎಸ್ಎಂ ಕೈಪಿಡಿಯ 2013ರ ಆವೃತ್ತಿ ಇದನ್ನು ಆತಂಕದ ತೊಂದರೆಗಳ ಸಾಲಿಗೇ ಸೇರಿಸಿದೆ. ಇಂಥ ಬಹಳಷ್ಟು ಮಕ್ಕಳಿಗೆ ಜನರೆದುರಿನ ಆತಂಕವೂ ಇರುತ್ತದೆ. ಎಲ್ಲರೂ ನನ್ನನ್ನೇ ನೋಡುತ್ತಾರೆ ಅನ್ನಿಸಿದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಗಂಟಲು ಕಟ್ಟುತ್ತದೆ. ಮಾತಾಡಬೇಕು ಅಂತ ಆಸೆ ಇದ್ದರೂ ದನಿ ಹೊರಡುವುದಿಲ್ಲ.

ಹಾಗಂತ ಸುಮ್ಮನಿರುವ ಮಕ್ಕಳಿಗೆಲ್ಲ ಇದೇ ತೊಂದರೆ ಅಂದುಕೊಳ್ಳಬಾರದು. ಮನೆಯಲ್ಲಿ ಲಂಬಾಣಿಯೋ ಉರ್ದುವೋ ತೆಲುಗೋ ಆಡುವ ಮಗುವಿಗೆ ಕನ್ನಡ ಬಾಯಿಗೆ ಬರಲು ಕೆಲವು ತಿಂಗಳು ಬೇಕು. ಕಿವಿ ಸರಿಯಾಗಿ ಕೇಳುತ್ತದಾ ಅಂತಲೂ ನೋಡಬೇಕು. ಪುಟ್ಟಿಯ ಮನೆಮಾತು ಕನ್ನಡವೇ. ಶಾಲೆಗೆ ಬಂದ ಆರೋಗ್ಯ ತಪಾಸಣೆ ತಂಡದವರು ಕಿವಿಯಲ್ಲಿ ತೊಂದರೆ ಇಲ್ಲ ಅಂದರು.

ಯಾರಾದರೂ ಪ್ರಶ್ನೆ ಕೇಳಿದಾಗ ಮಗು ನಡುಗುತ್ತದೆ. ಪಕ್ಕದಲ್ಲಿದ್ದ ಅಮ್ಮ, "ಅವಳಿಗೆ ನಾಚಿಕೆ" ಅಂತ ತಾನೇ ಉತ್ತರ ಕೊಡುತ್ತಾಳೆ. ಮಗುವಿಗೆ ಉಸ್ಸಪ್ಪಾ ಅನ್ನಿಸುತ್ತದೆ. ಆ ನೆಮ್ಮದಿಯೇ ಮುಂದಿನ ಸಲದ ಭಯಕ್ಕೆ ಗೊಬ್ಬರ. ಹಾಗಾಗಿ 'ಬಿಡಿ, ಪಾಪ' ಅಂತ ಪೂರ್ತಿ ಬಿಟ್ಟರೂ ಕಷ್ಟ, 'ಎಲ್ಲರ ಮುಂದೆ ಹೇಳು ನೋಡೋಣ' ಅಂತ ಎಳೆದು ನಿಲ್ಲಿಸಿದರೂ ಕಷ್ಟ. ಇವೆರಡರ ಮಧ್ಯೆ ಸಣ್ಣ ಸಣ್ಣ ಮೆಟ್ಟಿಲು ಕಟ್ಟುವುದೇ ನಮ್ಮ ಕೆಲಸ. ನಲಿ-ಕಲಿಯಲ್ಲಿ ಪ್ರತಿ ಮಗುವಿಗೂ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಕಲಿಕಾ ಏಣಿ ಇದ್ದೇ ಇರುತ್ತದೆ, ಅಲ್ವಾ? ಪುಟ್ಟಿಗೆ ಮಾತಿಗೂ ಒಂದು ಏಣಿ ಬರೆದೆ.

ಅದಕ್ಕೂ ಮೊದಲು ನೀರಿನ ಸಮಸ್ಯೆ ಬಗೆಹರಿಸಬೇಕಿತ್ತು. ಒಂದು ರಟ್ಟಿನ ಚೀಟಿ ಮಾಡಿ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದೆ. ಹೊರಗೆ ಹೋಗಬೇಕಾದವರು ಅದನ್ನು ಎತ್ತಿಕೊಂಡು ಹೋದರೆ ಸಾಕು, ಕೇಳಬೇಕಿಲ್ಲ. ಎಲ್ಲ ಮಕ್ಕಳಿಗೂ ಅದೇ ನಿಯಮ ಮಾಡಿದೆ. ಪುಟ್ಟಿಗೆ ಮಾತ್ರ ಅಂತ ಮಾಡಿದ್ದರೆ ಅವಳು ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಆಮೇಲೆ ಚೌಕಾಬಾರ. ಅಮ್ಮನಿಗೆ ಬೆಳಿಗ್ಗೆ ಗಂಟೆ ಹೊಡೆಯುವುದಕ್ಕೆ ಮೊದಲೇ ಮಗಳ ಜೊತೆ ಬರಲು ಹೇಳಿದೆ. ಖಾಲಿ ಕೋಣೆಯಲ್ಲಿ ತಾಯಿ-ಮಗಳು ನೆಲದ ಮೇಲೆ ಮನೆ ಬರೆದು ಆಡುತ್ತಿದ್ದರು. ನಾನು ಮೊದಮೊದಲು ವರಾಂಡದಲ್ಲೇ ಕೂತು ಪುಸ್ತಕ ತಿದ್ದುತ್ತಿದ್ದೆ. ಪುಟ್ಟಿಯ ದನಿ ಕೇಳಿಸಿದರೂ ತಲೆ ಎತ್ತುತ್ತಿರಲಿಲ್ಲ. ದಿನ ಕಳೆದ ಹಾಗೆ ಬಾಗಿಲ ಹತ್ತಿರ ಬಂದೆ, ಆಮೇಲೆ ಕೋಣೆಯೊಳಗೆ. ಕೊನೆಗೆ ಅವಳ ಎದುರು ಕೂರದೆ ಪಕ್ಕದಲ್ಲಿ ಕೂತು ನಾನೂ ಕಾಯಿ ಇಟ್ಟೆ. ಈ ಆಟದಲ್ಲಿ ಒಂದು ಅನುಕೂಲ ಇದೆ. ಕವಡೆ ಬಿದ್ದ ತಕ್ಷಣ ಎಷ್ಟು ಅಂತ ಕೂಗಲೇಬೇಕು. ಒಂದು ಬೆಳಿಗ್ಗೆ ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದವು. ಪುಟ್ಟಿ ನನ್ನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಆಮೇಲೆ ಉಸಿರಲ್ಲೇ "ಚೌಕ" ಅಂದಳು. "ಹಾಗಾದ್ರೆ ನಿಂಗೆ ಇನ್ನೊಂದು ಆಟ" ಅಂತ ಕವಡೆ ಅವಳ ಕೈಗೇ ಕೊಟ್ಟೆ. ಅಷ್ಟೇ. ಚಪ್ಪಾಳೆ ತಟ್ಟಿ ಹೊಗಳಬೇಕು ಅಂತ ಕೈ ತುಡಿಯುತ್ತದೆ, ತಡೆದುಕೊಳ್ಳಬೇಕು. ದಿಢೀರನೆ ಎಲ್ಲರೂ ತನ್ನತ್ತ ತಿರುಗುವುದೇ ತಾನೇ ಆ ಮಗುವಿನ ಭಯ?

ಅಮ್ಮ ಮೆಲ್ಲಗೆ ಹಿಂದೆ ಸರಿದರು. ಅವರ ಜಾಗಕ್ಕೆ ಪುಟ್ಟಿಯ ಪಕ್ಕದ ಮನೆಯ, ಮೂರನೇ ತರಗತಿಯ ಹುಡುಗಿ ಬಂದಳು. ನಲಿ-ಕಲಿಯಲ್ಲಿ ಮಕ್ಕಳು ಕೂರುವ ಗುಂಪಿಗೆ 'ತಟ್ಟೆ' ಅನ್ನುತ್ತೇವೆ; ಗೆಳೆಯರ ಸಹಾಯ ಪಡೆಯುವ ತಟ್ಟೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಉಳಿದ ಮಕ್ಕಳಿಗೆ, "ಪುಟ್ಟಿ ಮಾತಾಡಿದಾಗ ಕೂಗಾಡಬಾರದು, ನಿಮ್ಮ ಪಾಡಿಗೆ ನೀವು ಆಡ್ಕೊಂಡಿರಿ" ಅಂತ ಮೊದಲೇ ಹೇಳಿಟ್ಟಿದ್ದೆ. ಆದರೂ ಒಬ್ಬ, "ಮಿಸ್, ಮಿಸ್, ಪುಟ್ಟಿ ಮಾತಾಡಿದ್ಲು!" ಅಂತ ಓಡಿ ಬಂದ. "ಹೂಂ ಕಣೋ, ಎಲ್ಲರೂ ಮಾತಾಡ್ತಾರೆ" ಅಂದೆ. ಪುಟ್ಟಿ ಆ ದಿನ ಮತ್ತೆ ಬಾಯಿ ಬಿಡಲಿಲ್ಲ. ಮಾರನೇ ದಿನ ಒಂದು ಮೆಟ್ಟಿಲು ಕೆಳಗಿಂದ ಶುರು ಮಾಡಿದೆವು.

ಕೇಳುವ ರೀತಿಯೂ ಮುಖ್ಯ. "ಬಣ್ಣ ಬೇಕಾ?" ಅಂದರೆ ತಲೆಯಾಡಿಸಿ ಮುಗಿಸುತ್ತಾಳೆ. "ಕೆಂಪು ಬೇಕಾ, ನೀಲಿ ಬೇಕಾ?" ಅಂತ ಕೇಳಿ, ಮನಸ್ಸಲ್ಲೇ ಐದರವರೆಗೆ ಎಣಿಸುತ್ತಾ ಕಾಯಬೇಕು. ಆ ಐದು ಎಣಿಸುವಷ್ಟು ಹೊತ್ತು ದೊಡ್ಡವರಿಗೇ ಕಷ್ಟ. ಉತ್ತರ ಬರದಿದ್ದರೆ ಬೈಯದೆ ಇನ್ನೂ ಸುಲಭ ಮಾಡಿ ಕೇಳಬೇಕು. ಹಾಜರಿಗೂ ಹೀಗೇ ಮಾಡಿದೆ. ಮೊದಲು ಕೈ ಎತ್ತಿದರೆ ಸಾಕಿತ್ತು. ಆಮೇಲೆ ಗೆಳತಿಯ ಜೊತೆ ಸೇರಿ 'ಎಸ್ ಮಿಸ್', ಆಮೇಲೆ ಒಬ್ಬಳೇ.

ದೊಡ್ಡ ಮಕ್ಕಳ ದಾರಿ ಸ್ವಲ್ಪ ಬೇರೆ. ಏಳನೇ ತರಗತಿಯ ಒಬ್ಬ ಹುಡುಗ ಪ್ರಾರ್ಥನೆ ವೇಳೆ ಪತ್ರಿಕೆ ಓದುವ ಸರದಿ ಬಂದ ದಿನವೆಲ್ಲ ಹೊಟ್ಟೆನೋವು ಅಂತ ರಜೆ ಹಾಕುತ್ತಿದ್ದ. "ಓದಿದರೆ ಏನಾಗುತ್ತೆ ಅಂತ ಚೀಟಿಯಲ್ಲಿ ಬರಿ" ಅಂದೆ. 'ಎಲ್ಲರೂ ನಗುತ್ತಾರೆ' ಅಂತ ಬರೆದ. ಮೊದಲು ಇಬ್ಬರು ಗೆಳೆಯರ ಮುಂದೆ, ಆಮೇಲೆ ತರಗತಿಯಲ್ಲಿ, ಕಡೆಗೆ ಮೈದಾನದಲ್ಲಿ ಎರಡೇ ಸಾಲು ಓದಿಸಿದೆ. ಪ್ರತಿ ಸಲವೂ ಚೀಟಿ ತೆಗೆದು, ಬರೆದದ್ದು ನಿಜವಾಯಿತಾ ಅಂತ ಅವನೇ ನೋಡಿದ.

ಇಷ್ಟೆಲ್ಲ ಮಾಡಿಯೂ ಅಲುಗಾಡದಿದ್ದರೆ, ಅಥವಾ ಮಗು ಊಟ, ನಿದ್ದೆ, ಶಾಲೆ ಬಿಡುತ್ತಿದ್ದರೆ ಕಾಯುವುದು ಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಪುಟ್ಟಿಯ ಅಮ್ಮನೂ ಅಲ್ಲಿಗೆ ಕರೆ ಮಾಡಿದ್ದರು. ಮನೆಗೆ ಬಂದ ನೆಂಟರೆದುರು 'ರೈಮ್ಸ್ ಹೇಳು' ಅಂತ ಒತ್ತಾಯಿಸುವುದು ನಿಂತದ್ದು ಆಮೇಲೆಯೇ.

ಪುಟ್ಟಿ ಈಗ ಮೂರನೇ ತರಗತಿಯಲ್ಲಿದ್ದಾಳೆ. ಸಣ್ಣ ದನಿಯಲ್ಲಿ ಪಾಠ ಓದುತ್ತಾಳೆ, ಸಾರು ಬೇಕು ಅಂತ ಕೇಳಿ ಹಾಕಿಸಿಕೊಳ್ಳುತ್ತಾಳೆ. ಮದುವೆ ಮನೆಯಲ್ಲಿ ಇನ್ನೂ ಅಮ್ಮನ ಸೆರಗು ಬಿಡುವುದಿಲ್ಲ. ಬರುವ ವರ್ಷ ನಾಲ್ಕನೇ ತರಗತಿಗೆ ಹೋಗುತ್ತಾಳೆ. ಅಲ್ಲಿ ಕೋಣೆ ಬೇರೆ, ಬೆಂಚು ಬೇರೆ, ಮೇಷ್ಟ್ರು ಬೇರೆ. ಅದಕ್ಕೆ ಈಗಿನಿಂದಲೇ ವಾರಕ್ಕೊಮ್ಮೆ ಮೇಷ್ಟ್ರು ನಮ್ಮ ಕೋಣೆಗೆ ಬಂದು ಒಂದು ಆಟ ಆಡಿ ಹೋಗುತ್ತಾರೆ. ಗೆಳತಿಯರಲ್ಲಿ ಯಾರನ್ನು ಅವಳ ಪಕ್ಕ ಕೂರಿಸಬೇಕು, ಹಾಜರಿಯಲ್ಲಿ ಎಷ್ಟು ಹೊತ್ತು ಕಾಯಬೇಕು, ಬಾಗಿಲ ಪಕ್ಕ ಚೀಟಿ ಯಾಕೆ ಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಅವರಿಗೆ ಕೊಟ್ಟಿದ್ದೇನೆ. ಅವರು ಚೀಟಿಗೆ ಮೊಳೆ ಆಗಲೇ ಹೊಡೆಸಿದ್ದಾರೆ.