ಮಳೆಗಾಲದಲ್ಲಿ ಸೊರಗಿದ ದಾಸವಾಳಕ್ಕೆ ಮರುಜೀವ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಬಿಡದೆ ಸುರಿಯುವ ದಿನಗಳಲ್ಲಿ ಕೊಡಗಿನ ಮನೆಯಂಗಳದ ದಾಸವಾಳ ಹಳದಿ ತಿರುಗಿ, ಮೊಗ್ಗುಗಳನ್ನೆಲ್ಲ ಉದುರಿಸಿ, ಬರೀ ಕಡ್ಡಿಯಾಗಿ ನಿಲ್ಲುವುದುಂಟು. ಗಿಡ ಸೊರಗಿದ್ದು ಕಂಡೊಡನೆ ಬುಡಕ್ಕೆ ಗೊಬ್ಬರ ಸುರಿಯುವವರೇ ಹೆಚ್ಚು. ಆದರೆ ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಕೊಳೆಯುತ್ತಿರುವ ಬೇರಿಗೆ ಅದನ್ನು ಹೀರಿಕೊಳ್ಳುವ ಶಕ್ತಿಯಿರುವುದಿಲ್ಲ. ರಾಸಾಯನಿಕ ಗೊಬ್ಬರವಾದರೆ ಉಳಿದಿರುವ ಬೇರನ್ನೂ ಸುಟ್ಟುಬಿಡುತ್ತದೆ. ಆದ್ದರಿಂದ ಗೊಬ್ಬರದ ಸರದಿ ಕಟ್ಟಕಡೆಯದು.

ಮೊದಲು ಗಿಡದಲ್ಲಿ ಜೀವ ಎಲ್ಲಿಯವರೆಗೆ ಉಳಿದಿದೆ ಎಂದು ತಿಳಿಯಬೇಕು. ರೆಂಬೆಯ ತುದಿಯಿಂದ ಕೆಳಕ್ಕೆ ಅಲ್ಲಲ್ಲಿ ತೊಗಟೆಯನ್ನು ಉಗುರಿನಿಂದ ಗೀರಿ ನೋಡಿ. ಒಳಗೆ ಹಸಿರು, ತೇವ ಕಂಡರೆ ಆ ಭಾಗ ಜೀವಂತ; ಕಂದಾಗಿ ಒಣಗಿದ್ದರೆ ಸತ್ತಿದೆ.

ಬಳಿಕ ಎಲೆಗಳನ್ನು ಗಮನಿಸಿ. ಮಣ್ಣು ಒದ್ದೆಯಿದ್ದರೂ ಎಲೆ ಬಾಡಿ ಜೋತಿದ್ದರೆ ತೊಂದರೆ ಬೇರಿನಲ್ಲಿದೆ. ಹಳೆಯ ಎಲೆಗಳು ಹಸಿರಾಗಿದ್ದು, ಎಳೆಯ ಎಲೆಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ. ನಮ್ಮ ಜಿಲ್ಲೆಯ ಮಣ್ಣು ಸಾಮಾನ್ಯವಾಗಿ ಹುಳಿ ಮಣ್ಣಾದ್ದರಿಂದ ಇದು ಅಪರೂಪ. ಮನೆ ಕಟ್ಟುವಾಗ ಸುಣ್ಣ, ಸಿಮೆಂಟಿನ ಚೂರುಗಳನ್ನು ಹೂತ ಗೋಡೆಯಂಚಿನಲ್ಲಿ ಕಾಣಿಸಿಕೊಳ್ಳಬಹುದು.

ಬೇರನ್ನು ನೋಡದೆ ಮುಂದುವರಿಯಬಾರದು. ಬುಡದಿಂದ ಒಂದು ಅಡಿ ದೂರದಲ್ಲಿ ಮಣ್ಣನ್ನು ಕೈಯಿಂದಲೇ ಮೆಲ್ಲಗೆ ಸರಿಸಿ, ಸಣ್ಣ ಬೇರೊಂದನ್ನು ಬೆರಳುಗಳ ನಡುವೆ ಹಿಡಿದು ಎಳೆಯಿರಿ. ಆರೋಗ್ಯವಾಗಿದ್ದರೆ ಅದು ಬಿಳಿಚಾಗಿ, ಗಟ್ಟಿಯಾಗಿರುತ್ತದೆ. ಕೊಳೆತಿದ್ದರೆ ಕಪ್ಪಾದ ಸಿಪ್ಪೆ ಜಾರಿ ಬಂದು, ಒಳಗಿನ ತೆಳು ನಾರು ಮಾತ್ರ ಉಳಿಯುತ್ತದೆ. ಮಣ್ಣಿಗೂ ಕೆಟ್ಟ ವಾಸನೆಯಿರುತ್ತದೆ. ಹೀಗಿದ್ದರೆ ಮಳೆ ನಿಲ್ಲಲೆಂದು ಕಾಯದೆ, ಇಳಿಜಾರಿನ ಕಡೆಗೆ ಒಂದು ಅಡಿ ಆಳದ ಬಸಿಗಾಲುವೆ ತೆಗೆದು ನೀರನ್ನು ಹೊರಹಾಕಬೇಕು. ಬುಡಕ್ಕೆ ಒತ್ತಿದಂತೆ ರಾಶಿ ಬಿದ್ದ ದರಗನ್ನೂ ನಾಲ್ಕು ಬೆರಳು ದೂರ ಸರಿಸಬೇಕು. ಇಷ್ಟರಿಂದಲೇ ಎಷ್ಟೋ ಗಿಡಗಳು ಚೇತರಿಸಿಕೊಳ್ಳುತ್ತವೆ.

ಒಣಗಿದ ರೆಂಬೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ಹಸಿ ರೆಂಬೆಗಳನ್ನು ಸವರಲು ಮಾತ್ರ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ನಂತರ ಸಿಗುವ ಒಣ ದಿನಗಳೇ ಸೂಕ್ತ, ಏಕೆಂದರೆ ಸುರಿಮಳೆಯಲ್ಲಿ ಕತ್ತರಿಸಿದ ಗಾಯದ ಮೂಲಕ ಶಿಲೀಂಧ್ರ ಒಳಸೇರುತ್ತದೆ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು, ಹೊರಮುಖವಾಗಿರುವ ಕಣ್ಣಿನ (ಚಿಗುರೊಡೆಯುವ ಗಂಟಿನ) ತುಸು ಮೇಲ್ಗಡೆ ಓರೆಯಾಗಿ ಕತ್ತರಿಸಿ. ಒಂದೇ ಸಲಕ್ಕೆ ಗಿಡದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹಸಿರನ್ನು ತೆಗೆಯಬೇಡಿ. ದಪ್ಪ ಗಾಯಗಳಿಗೆ ತೋಟದವರಿಗೆಲ್ಲ ಪರಿಚಿತವಾದ ಬೋರ್ಡೋ ಮುಲಾಮು ಸಾಕು: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣವನ್ನು ಅರ್ಧರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆಬೇರೆಯಾಗಿ ಕರಗಿಸಿ, ನಂತರ ಬೆರೆಸಿ ಹಚ್ಚಬೇಕು.

ಬೇಸಿಗೆಯಲ್ಲಿ ಬರುವ ಬಿಳಿ ಹಿಟ್ಟು ತಿಗಣೆಗೆ, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ, ಸಂಜೆ ಎಲೆಯ ಅಡಿಭಾಗ ತೋಯುವಂತೆ ಸಿಂಪಡಿಸಿ, ವಾರದ ನಂತರ ಮತ್ತೊಮ್ಮೆ ಹೊಡೆಯಿರಿ. ಸಿಹಿ ಅಂಟಿನ ಆಸೆಗೆ ತಿಗಣೆಯನ್ನು ಕಾಯುವ ಇರುವೆಗಳ ಸಾಲನ್ನೂ ತಡೆಯಬೇಕು. ಹೂವು ದೇವರಿಗೆ, ಸೊಪ್ಪು ತಲೆಗೆ ಬಳಕೆಯಾಗುವ ಗಿಡವಿದು. ಕಟುವಾದ ಕೀಟನಾಶಕ ಬೇಡವೆಂದೇ ನನ್ನ ಅಭಿಪ್ರಾಯ.

ಹೊಸ ಚಿಗುರಿನಲ್ಲಿ ನಾಲ್ಕಾರು ಎಲೆ ಬಲಿತ ಮೇಲೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಎರಡು ಬೊಗಸೆಯಷ್ಟು ಬುಡದಿಂದ ದೂರಕ್ಕೆ ಹರಡಿ. ಕಾಫಿ ಹಣ್ಣಿನ ಹಸಿ ಸಿಪ್ಪೆಯನ್ನು ನೇರವಾಗಿ ಹಾಕಬಾರದು, ಅದು ಪೂರ್ತಿ ಕಳಿತು ಕಪ್ಪಾಗಿರಬೇಕು. ಗಿಡ ಉಳಿಯುವುದು ಅನುಮಾನವೆನಿಸಿದರೆ, ಜೀವವಿರುವ ರೆಂಬೆಗಳಿಂದ ಪೆನ್ಸಿಲ್ ದಪ್ಪದ, ಆರು ಇಂಚು ಉದ್ದದ ತುಂಡುಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು ನೆರಳಿನಲ್ಲಿಡಿ.