ಹಾರಾಟದ ಹೊತ್ತನ್ನು ಸ್ಪ್ರೆಡ್‌ಶೀಟ್‌ನಲ್ಲೇ ಹಿಡಿದದ್ದು: ನನ್ನ ಅನುಭವ

ದುಡ್ಡು ಕೊಟ್ಟು ಸೇವೆ ಕೊಳ್ಳದೆ ದೂರದ ಹಾರಾಟಗಳ ಹೊತ್ತು ಸರಿಯಾಗಿ ಸಿಗುವುದೇ ಇಲ್ಲ ಎಂದವರೇ ಹೆಚ್ಚು. ಸಿಗುತ್ತದೆ. ನನ್ನ ಹಾಳೆ ಈಗ ಬಹುತೇಕ ವಿಮಾನ ನಿಲ್ದಾಣಗಳ ಜೋಡಿಗಳಿಗೆ ವೇಳಾಪಟ್ಟಿಯ ಆಸುಪಾಸಿಗೇ ಬಂದು ನಿಲ್ಲುತ್ತದೆ. ಅಂಥ ಸೇವೆಗಳಲ್ಲಿ ಕೇಳಿದಷ್ಟಕ್ಕೂ ಬಿಲ್. ನೂರು ನಿಲ್ದಾಣ ಎಂದರೆ 4,950 ಜೋಡಿ. ಹೋಗುವ, ಬರುವ ಹೊತ್ತು ಬೇರೆ ಬೇರೆ ಬೇಕೆಂದರೆ ಅದರ ಇಮ್ಮಡಿ. ನನ್ನ ಹಾಳೆಗೆ ಖರ್ಚೇ ಇಲ್ಲ.

ದೂರಕ್ಕೆ ಹ್ಯಾವರ್‌ಸೈನ್ ಸೂತ್ರ, ಅಂದರೆ ಅಕ್ಷಾಂಶ ರೇಖಾಂಶಗಳಿಂದ ಗೋಳದ ಮೇಲಿನ ನೇರ ದೂರ ತೆಗೆಯುವ ಸೂತ್ರ; ಭೂಮಿಯ ತ್ರಿಜ್ಯ 6,371 ಕಿಮೀ. ಸೂತ್ರದೊಳಗಿನ ವರ್ಗಮೂಲವನ್ನು 1ಕ್ಕಿಂತ ಮೇಲೆ ಹೋಗದಂತೆ ಕಟ್ಟಿಹಾಕಿ. ಭೂಮಿಯ ಎದುರುಬದಿರು ಬಿಂದುಗಳಲ್ಲಿ ಕೊನೆಯ ದಶಮಾಂಶ ಜಾರಿ ಆರ್ಕ್‌ಸೈನ್ ದೋಷ ತೋರಿಸುತ್ತದೆ. ಅಕ್ಷಾಂಶ 40°38′ ಅನ್ನು 40.38 ಎಂದು ತುಂಬಿದರೆ ಅಲ್ಲೇ 28 ಕಿಮೀ ತಪ್ಪು. ಭೂಮಿಯನ್ನು ಧ್ರುವಗಳಲ್ಲಿ ತುಸು ಚಪ್ಪಟೆಯಾದ ದೀರ್ಘಗೋಳವೆಂದು ಹಿಡಿಯುವ ವಿನ್ಸೆಂಟಿ ವಿಧಾನವನ್ನೂ ಕೂರಿಸಿ ನೋಡಿದೆ: ಸಿಂಗಾಪುರ–ನ್ಯೂಯಾರ್ಕ್ 15,340ರ ಬದಲು 15,349 ಕಿಮೀ, ಒಂದು ನಿಮಿಷವೂ ಹೆಚ್ಚಲ್ಲ. ಎದುರುಬದಿರು ಬಿಂದುಗಳಲ್ಲಿ ಅದು ಉತ್ತರಕ್ಕೆ ಬಂದು ಮುಟ್ಟುವುದೂ ಇಲ್ಲ. ಬಿಟ್ಟೆ.

ವೇಗ ಮ್ಯಾಕ್ 0.85 (ಶಬ್ದದ ವೇಗದ 0.85 ಪಾಲು), ಎತ್ತರದಲ್ಲಿ ಗಂಟೆಗೆ ಹೆಚ್ಚುಕಡಿಮೆ 900 ಕಿಮೀ. ಏರುವುದು ಇಳಿಯುವುದಕ್ಕೆ ಕಾಲು ಗಂಟೆ, ನೆಲದ ಮೇಲೆ ಓಡುವ ಟ್ಯಾಕ್ಸಿಗೆ ಅರ್ಧ ಗಂಟೆ ಸೇರಿಸುತ್ತೇನೆ. ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಕೈಕೊಡುವುದು ಗಾಳಿಯಲ್ಲಿ. ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ ಎಂಬ ವಾದ ಸುಳ್ಳು: 8,000 ಕಿಮೀ ದಾರಿಯಲ್ಲಿ ಗಂಟೆಗೆ 100 ಕಿಮೀ ಗಾಳಿ ಇದ್ದರೆ ಒಂದು ಕಡೆಗೆ 8 ಗಂಟೆ, ಇನ್ನೊಂದು ಕಡೆಗೆ 10. ಒಟ್ಟು 18; ಗಾಳಿ ಇಲ್ಲದಿದ್ದರೆ 17 ಗಂಟೆ 47 ನಿಮಿಷ. ವರ್ಷಕ್ಕೆಲ್ಲ ಒಂದೇ ಸರಾಸರಿ ಹಾಕಿದರೂ ಆಗದು, ಎತ್ತರದಲ್ಲಿ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಬಲಿಯುತ್ತದೆ. ಹಾಗಾಗಿ ದಾರಿಯನ್ನು 500 ಕಿಮೀ ತುಂಡುಗಳಾಗಿ ಕಡಿದು, ಪ್ರತಿ ತುಂಡಿನ ಹೊತ್ತನ್ನು ಬೇರೆಯಾಗಿ ತೆಗೆದು ಕೂಡಿಸುತ್ತೇನೆ. ವೇಗಗಳ ಸರಾಸರಿ ತೆಗೆದು ದೂರವನ್ನು ಭಾಗಿಸಬೇಡಿ. ತಿಂಗಳವಾರು ಗಾಳಿಗೆ ನಾನು ಕೊಡುವ ತೂಕ ಮಾತ್ರ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಹೆಲ್ಸಿಂಕಿ–ನರಿಟಾ (ಟೋಕಿಯೊದ ನಿಲ್ದಾಣ) ಈ ಹಾಳೆಯ ನಿಜವಾದ ಪರೀಕ್ಷೆ. ನೇರ ದಾರಿ ಸುಮಾರು 7,830 ಕಿಮೀ, ಹೊತ್ತು ಒಂಬತ್ತೂವರೆ ಗಂಟೆ. 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಆ ಅಂಕಿ ನಿರುಪಯೋಗಿ. ಉತ್ತರ ಧ್ರುವ, ಆಮೇಲೆ 55° ಉತ್ತರ 165° ಪಶ್ಚಿಮ, ಹೀಗೆ ಎರಡು ದಾರಿಬಿಂದು ಇಟ್ಟರೆ 3,300, 3,890, 4,620: ಒಟ್ಟು 11,810 ಕಿಮೀ, ಬರೀ ಹಾರುವುದಕ್ಕೇ 13 ಗಂಟೆ ದಾಟುತ್ತದೆ. ವೇಳಾಪಟ್ಟಿಯೂ 13ರ ಆಸುಪಾಸಿನದೇ. ಧ್ರುವಬಿಂದುವಿಗೆ ರೇಖಾಂಶ ಏನು ಕೊಟ್ಟರೂ ನಡೆಯುತ್ತದೆ, ಖಾಲಿ ಮಾತ್ರ ಬಿಡಬೇಡಿ.

ಸಿಂಗಾಪುರದಿಂದ ನ್ಯೂಯಾರ್ಕಿಗೆ ವಿಮಾನ ಹಲವು ಸಲ ಪೆಸಿಫಿಕ್ ಬಳಸಿಕೊಂಡು ಹೋಗುತ್ತದೆ: ದೂರ ಹೆಚ್ಚು, ಹಿಂದಿನಿಂದ ತಳ್ಳುವ ಟೇಲ್‌ವಿಂಡ್ ಲಾಭ. ಅಂಥ ಜೋಡಿಗೆ ಎರಡೂ ದಾರಿ ಹಾಕಿ, ಕಡಿಮೆ ಹೊತ್ತಿನದನ್ನು ಆರಿಸಿ. ದಾರಿಬಿಂದುಗಳ ಪಕ್ಕ ದಿನಾಂಕದ ಕಾಲಂ ಇರಲಿ. ಆಕಾಶ ಮುಚ್ಚಿದಾಗ, ತೆರೆದಾಗ ಹಳೆಯ ಸಾಲು ಅಳಿಸದೆ ಹೊಸದು ಸೇರಿಸಬಹುದು.